ಜೀಪು ಎತ್ತರಿಸಿದ ಮೇಲೆ ಸ್ಟೇರಿಂಗ್ ಯಾಕೆ ಎಳೆಯುತ್ತದೆ? ಡ್ರ್ಯಾಗ್ ಲಿಂಕಿನ ಓರೆಯ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೇ ಜೀಪು, ಜಿಪ್ಸಿ ಇಟ್ಟುಕೊಂಡವರಿಗೆ ಗಾಡಿ ಎತ್ತರಿಸುವ ಆಸೆ ಹುಟ್ಟುವುದು ಮಳೆಗಾಲದಲ್ಲಿ. ತೋಟದ ದಾರಿಯಲ್ಲಿ ನೀರು ಎರಡು ಗಾಲಿಜಾಡನ್ನು ಕೊರೆದಿರುತ್ತದೆ, ನಡುವಿನ ದಿಬ್ಬ ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ಉಜ್ಜುತ್ತದೆ, ಹಳ್ಳ ದಾಟುವಾಗ ಕಲ್ಲು ಬಡಿಯುತ್ತದೆ. ಸ್ಪ್ರಿಂಗ್ ಬದಲಿಸಿ, ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಉದ್ದ ಮಾಡಿ, ಟೈರ್ ದೊಡ್ಡದು ಹಾಕಿದರೆ ತೋಟದ ದಾರಿಯ ಕಷ್ಟ ಮುಗಿಯಿತು. ಆದರೆ ಅದೇ ಗಾಡಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೊರಟರೆ ಬೇರೆಯೇ ಕಷ್ಟ ಶುರು. ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆಯುತ್ತದೆ. ತಿರುವಿನಲ್ಲಿ ಹೊಂಡಕ್ಕೆ ಚಕ್ರ ಇಳಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋದಂತೆ ಆಗುತ್ತದೆ. 60ರ ವೇಗದಲ್ಲಿ ಮುಂದಿನ ಚಕ್ರ ಎರಡೂ ಗಡಗಡ ನಡುಗುತ್ತವೆ. ಎತ್ತರಿಸಿದವರು ಸ್ಪ್ರಿಂಗ್ ನೋಡಿಕೊಂಡರು, ಸ್ಟೇರಿಂಗ್ ನೋಡಿಕೊಳ್ಳಲಿಲ್ಲ ಎಂದು ಅರ್ಥ.

ಮೊದಲೇ ಒಂದು ಮಾತು. ಸಸ್ಪೆನ್ಶನ್ ಎತ್ತರಿಸಿದರೆ ಚಾಸಿ ಮೇಲೇರುತ್ತದೆ, ಎರಡು ಚಕ್ರಗಳ ನಡುವಿನ ಅಚ್ಚು, ಅಂದರೆ ಆಕ್ಸಲ್, ಏರುವುದಿಲ್ಲ. ಆಕ್ಸಲ್ ನಡುವಿನ ಗೇರುಗಳ ಉಂಡೆ, ಡಿಫರೆನ್ಷಿಯಲ್, ನೆಲದಿಂದ ಎಷ್ಟು ಎತ್ತರ ಇತ್ತೋ ಅಷ್ಟೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಾದುದರ ಅರ್ಧದಷ್ಟು. ಹಾಗಾಗಿ ‘ನಾಲ್ಕು ಇಂಚು ಎತ್ತಿಬಿಡು’ ಎನ್ನುವ ಮೊದಲು ಅಷ್ಟು ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಬೇಕು. ಹಳೇ ಜೀಪಿನ 6.00-16ರಂಥ ಕಿರಿದಾದ ಟೈರ್ ನಮ್ಮ ಕಡೆಯ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ಜಂಬಿಟ್ಟಿಗೆಯನ್ನು ಹಿಡಿಯುತ್ತದೆ. ಅಗಲದ ಟೈರ್ ರಾಡಿಯ ಮೇಲೇ ತೇಲುತ್ತದೆ. ತೋಟದ ಕೆಲಸದ ಗಾಡಿಗೆ 50 ಮಿ.ಮೀ., ಅಂದರೆ ಎರಡು ಇಂಚು, ಧಾರಾಳವಾಯಿತು.

ಓರೆ ಎಲ್ಲಿಂದ ಬರುತ್ತದೆ

ಸ್ಟೇರಿಂಗ್ ಬಾಕ್ಸ್ ಚಾಸಿಗೆ ಬಿಗಿದಿರುತ್ತದೆ. ಅದರ ಕೆಳಗೆ ಆಡುವ ತೋಳು ಪಿಟ್‌ಮನ್ ಆರ್ಮ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಡ್ರಾಪ್ ಆರ್ಮ್. ಅದರಿಂದ ಹೊರಟ ಡ್ರ್ಯಾಗ್ ಲಿಂಕ್ ಎನ್ನುವ ಸರಳು ಚಕ್ರದ ನಕ್ಕಲ್‌ನ, ಅಂದರೆ ಚಕ್ರವನ್ನು ಹೊತ್ತು ಅತ್ತಿತ್ತ ತಿರುಗುವ ಭಾಗದ, ತೋಳಿಗೆ ಸೇರುತ್ತದೆ. ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟುವುದು ಟೈ ರಾಡ್. ಜಿಪ್ಸಿಯಂಥ ಗಾಡಿಯಲ್ಲಿ ಟೈ ರಾಡಿನ ಎರಡೂ ತುದಿ ಆಕ್ಸಲ್ ಜೊತೆಗೇ ಏರಿಳಿಯುತ್ತವೆ, ಆದ್ದರಿಂದ ಗಾಡಿ ಎತ್ತರಿಸಿದರೆ ಟೈ ರಾಡಿಗೆ ಏನೂ ಆಗುವುದಿಲ್ಲ. ಡ್ರ್ಯಾಗ್ ಲಿಂಕ್ ಹಾಗಲ್ಲ. ಅದರ ಒಂದು ತುದಿ ಚಾಸಿಯ ಕಡೆ, ಇನ್ನೊಂದು ಆಕ್ಸಲ್ ಕಡೆ. ಚಾಸಿ ಮೇಲೆ ಹೋದಷ್ಟೂ ಅದು ಓರೆಯಾಗುತ್ತದೆ. ಎಲ್ಲ ತೊಂದರೆಯ ಬೇರು ಇಲ್ಲಿದೆ.

ಲೆಕ್ಕ ಹಾಕಿ ನೋಡಿದರೆ ಮನಸ್ಸಿಗೆ ಗಟ್ಟಿಯಾಗಿ ಕೂರುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ 900 ಮಿ.ಮೀ. ಇರಲಿ. ಎರಡು ತುದಿಗಳ ಎತ್ತರದ ವ್ಯತ್ಯಾಸ 50 ಮಿ.ಮೀ. ಇದ್ದಾಗ ಅದು ಅಡ್ಡಕ್ಕೆ ಆಕ್ರಮಿಸುವ ಅಳತೆ 898.6. ಬ್ರೇಕ್ ಒತ್ತಿ ಗಾಡಿಯ ಮೂತಿ 50 ಮಿ.ಮೀ. ತಗ್ಗಿತು, ಲಿಂಕ್ ಮಟ್ಟಸವಾಯಿತು, ಅಡ್ಡ ಅಳತೆ ಪೂರ್ತಿ 900 ಆಯಿತು. ನಕ್ಕಲ್‌ಗೆ ಬಿದ್ದ ತಳ್ಳು 1.4 ಮಿ.ಮೀ. ಇಷ್ಟು ಯಾರ ಗಮನಕ್ಕೂ ಬರುವುದಿಲ್ಲ. ಈಗ ಗಾಡಿಯನ್ನು 100 ಮಿ.ಮೀ. ಎತ್ತರಿಸಿ. ವ್ಯತ್ಯಾಸ 150ಕ್ಕೆ ಹೋಯಿತು, ಅಡ್ಡ ಅಳತೆ 887.4. ಅದೇ 50 ಮಿ.ಮೀ. ಮೂತಿ ತಗ್ಗಿದರೆ 894.4. ತಳ್ಳು 7 ಮಿ.ಮೀ., ಐದು ಪಟ್ಟು. ನಕ್ಕಲ್‌ನ ತೋಳು 150 ಮಿ.ಮೀ. ಉದ್ದ ಇದ್ದರೆ ಚಕ್ರ 2.7 ಡಿಗ್ರಿ ತಿರುಗಿತು. 18ಕ್ಕೆ 1ರ ಅನುಪಾತದ ಸ್ಟೇರಿಂಗ್‌ನಲ್ಲಿ ಅದು ನಿಮ್ಮ ಕೈಯ 48 ಡಿಗ್ರಿಗೆ ಸಮ. ನೀವು ಸ್ಟೇರಿಂಗ್ ಅಲುಗಿಸದೆ ಹಿಡಿದಿದ್ದೀರಿ, ಚಕ್ರ ಮಾತ್ರ ತಾನೇ ತಿರುಗಿದೆ. ಇದಕ್ಕೆ ಬಂಪ್ ಸ್ಟೇರ್ ಎನ್ನುತ್ತಾರೆ.

ಯಾವ ಕಡೆ ಎಳೆಯುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ನಮ್ಮ ಗಾಡಿಗಳಲ್ಲಿ ಬಾಕ್ಸ್ ಬಲಗಡೆ, ಲಿಂಕ್ ಎಡ ಚಕ್ರಕ್ಕೆ ಅಡ್ಡ ಹೋಗುತ್ತದೆ ಎಂದುಕೊಳ್ಳಿ. ಮೂತಿ ತಗ್ಗಿದಾಗ ಲಿಂಕ್ ಎಡಕ್ಕೆ ತಳ್ಳುತ್ತದೆ. ನಕ್ಕಲ್‌ನ ತೋಳು ಆಕ್ಸಲ್‌ಗಿಂತ ಮುಂದಿದ್ದರೆ ಗಾಡಿ ಎಡಕ್ಕೆ ಹೊರಳುತ್ತದೆ, ಹಿಂದಿದ್ದರೆ ಬಲಕ್ಕೆ. ಬ್ರೇಕ್ ಡ್ರಮ್ ಬಿಚ್ಚಿ ಲೈನರ್ ಬದಲಿಸುತ್ತ ಹೋದರೆ ಈ ಎಳೆತ ನಿಲ್ಲುವುದಿಲ್ಲ.

ಹಳೇ ವಿಲ್ಲಿಸ್ ಮಾದರಿಯಿಂದ ಬಂದ ಜೀಪುಗಳ ಕೆಳಗೆ ತೂರಿ ನೋಡಿದರೆ ಇನ್ನೊಂದು ಏರ್ಪಾಡು ಕಾಣಬಹುದು. ಬಾಕ್ಸಿನಿಂದ ಬಂದ ಸರಳು ನಡುವೆ ಪಿನ್ನಿನ ಮೇಲೆ ತಿರುಗುವ ಬೆಲ್ ಕ್ರ್ಯಾಂಕ್ ಎಂಬ ತೋಳಿಗೆ ಸೇರಿ, ಅಲ್ಲಿಂದ ಎರಡು ಗಿಡ್ಡ ಟೈ ರಾಡುಗಳು ಒಂದೊಂದು ಚಕ್ರಕ್ಕೆ ಹೋಗುತ್ತವೆ. ಆ ಬೆಲ್ ಕ್ರ್ಯಾಂಕ್ ಚಾಸಿಗೆ ಕೂತಿದ್ದರೆ ಕಷ್ಟ ಇಮ್ಮಡಿ. ಸರಳು ಗಿಡ್ಡವಾದಷ್ಟೂ ಅಷ್ಟೇ ಎತ್ತರಕ್ಕೆ ಹೆಚ್ಚು ಓರೆ. ಎರಡೂ ಕಡೆ ಓರೆಯಾಗುವುದರಿಂದ ಗಾಡಿ ಏರಿಳಿದಾಗಲೆಲ್ಲ ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮುಂಬದಿ ತುಸು ಒಳಕ್ಕೆ ತಿರುಗಿರುವುದು, ಕೂಡ ಬದಲಾಗುತ್ತದೆ. ಇಂಥ ಜೀಪನ್ನು ಒಂದೂವರೆ ಇಂಚಿಗಿಂತ ಮೇಲೆ ಎತ್ತಬೇಕಾದರೆ ಬೆಲ್ ಕ್ರ್ಯಾಂಕ್ ತೆಗೆದು, ಒಂದೇ ಉದ್ದ ಟೈ ರಾಡ್ ಮತ್ತು ಒಂದು ಡ್ರ್ಯಾಗ್ ಲಿಂಕಿನ ಏರ್ಪಾಡಿಗೆ ಬದಲಿಸುವುದೇ ಸರಿ. ಬೆಲ್ ಕ್ರ್ಯಾಂಕಿನ ಪಿನ್ನು, ಬುಶ್ಶು ಸವೆದಿದ್ದರೆ ಎತ್ತರಿಸದೆಯೂ ಸ್ಟೇರಿಂಗ್ ಸಡಿಲವೇ.

ಬಾಡಿ ಲಿಫ್ಟ್ ಬೇರೆ. ಅಲ್ಲಿ ಚಾಸಿಯ ಮೇಲಿನ ಬಾಡಿ ಮಾತ್ರ ಏರುತ್ತದೆ, ಡ್ರ್ಯಾಗ್ ಲಿಂಕ್ ಇದ್ದಂತೆಯೇ ಇರುತ್ತದೆ. ಕಾಲಮ್ಮಿನಿಂದ ಬಾಕ್ಸಿಗೆ ಹೋಗುವ ಶಾಫ್ಟ್ ಮತ್ತು ಅದರ ಜಾಯಿಂಟ್ ಹಿಗ್ಗಿ ಕಿತ್ತು ಬರದಂತೆ ನೋಡಿಕೊಂಡರೆ ಆಯಿತು.

ಕೈ ಹಚ್ಚುವ ಮೊದಲು

ಎತ್ತರಿಸಿದ ಮೇಲೆ ಅಳೆಯುವುದರಲ್ಲಿ ಅರ್ಥವಿಲ್ಲ, ಮೊದಲೇ ಅಳೆಯಬೇಕು. ಸಮತಟ್ಟಾದ ನೆಲದಲ್ಲಿ, ಅಡಕೆ ಒಣಗಿಸುವ ಸಿಮೆಂಟ್ ಅಂಗಳ ಇದಕ್ಕೆ ಬಹಳ ಒಳ್ಳೆಯದು, ಚಕ್ರ ನೇರ ಮಾಡಿ ನಿಲ್ಲಿಸಿ. ಡ್ರ್ಯಾಗ್ ಲಿಂಕಿನ ಎರಡು ತುದಿಗಳ ಎತ್ತರವನ್ನು ನೆಲದಿಂದ ಅಳೆದು ಬರೆದಿಡಿ. ಎರಡರ ವ್ಯತ್ಯಾಸವೇ ಕಂಪನಿ ಕೊಟ್ಟ ಓರೆ. ಎತ್ತರಿಸಿದ ಮೇಲೆ ಇದಕ್ಕೇ ಮರಳಿ ಬರಬೇಕು, ಇದೇ ನಿಮ್ಮ ಗುರಿ.

ಆಮೇಲೆ ಸಡಿಲ ಹುಡುಕಬೇಕು. ಇದಕ್ಕೆ ಇಬ್ಬರು ಬೇಕು. ಚಕ್ರ ನೆಲದ ಮೇಲಿರಲಿ, ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಒಂದೊಂದು ಬೆರಳಷ್ಟು ಅಲುಗಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ಜಾಯಿಂಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಸವೆದ ಬಾಲ್ ಜಾಯಿಂಟ್ ಕಿವಿಗೆ ಕೇಳುವ ಮೊದಲು ಕೈಗೆ ‘ಟಕ್’ ಎಂದು ತಾಗುತ್ತದೆ. ರಬ್ಬರ್ ಬೂಟನ್ನು ಹಿಂಡಿ ನೋಡಿ. ಹರಿದ ಬೂಟಿನೊಳಗೆ ಘಟ್ಟದ ಮೇಲಿನ ಕೆಂಪು ನೀರು ಹೊಕ್ಕಿದ್ದರೆ ಗ್ರೀಸು ಇಟ್ಟಿಗೆ ಬಣ್ಣದ ಗೊಜ್ಜಾಗಿ ಹೊರಬರುತ್ತದೆ, ಬೆರಳಲ್ಲಿ ತಿಕ್ಕಿದರೆ ಮರಳಿನಂತೆ ಕರಕರ ಎನ್ನುತ್ತದೆ. ಅದು ಗ್ರೀಸಲ್ಲ, ಉಜ್ಜುವ ಪೇಸ್ಟು. ಆ ಜಾಯಿಂಟ್ ಬದಲಿಸದೆ ಮುಂದೆ ಹೋಗಬೇಡಿ.

ನಕ್ಕಲ್ ತಿರುಗುವ ಗೂಟವಾದ ಕಿಂಗ್ ಪಿನ್ನಿನ ಬೇರಿಂಗನ್ನೂ ಈಗಲೇ ನೋಡಿ. ಚಕ್ರ ಜ್ಯಾಕ್ ಮೇಲೆ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿ. ಅಲುಗಾಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ನಿಂತರೆ ಅದು ಹಬ್ಬಿನ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಕಿಂಗ್ ಪಿನ್ನಿನ ಬಿಗಿಯನ್ನು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಹಾಕಿ ಹೊಂದಿಸಿ, ಟೈ ರಾಡ್ ಬಿಚ್ಚಿಟ್ಟು, ನಕ್ಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಅಳೆಯುತ್ತಾರೆ. ಮೀನು ಮಾರುಕಟ್ಟೆಯಲ್ಲಿ ಕಾಣುವ ಅದೇ ತೂಗು ತಕ್ಕಡಿ ಸಾಕು. ಎಷ್ಟು ಕಿಲೋಗೆ ಅಲುಗಬೇಕು ಎಂಬುದು ಆಯಾ ಗಾಡಿಯ ಸರ್ವೀಸ್ ಪುಸ್ತಕದಲ್ಲಿದೆ. ಮುಂದಿನ ಚಕ್ರ ಗಡಗಡ ನಡುಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗವಿದು. ಅದನ್ನು ಬಿಟ್ಟು ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್ ಅಬ್ಸಾರ್ಬರ್) ಹಾಕಿದರೆ ನಡುಕ ಕೆಲವು ತಿಂಗಳು ಅಡಗುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ.

ಕರಾವಳಿಯ ಗಾಡಿಯಾದರೆ ಸ್ಟೇರಿಂಗ್ ಬಾಕ್ಸ್ ಕೂತ ಜಾಗದ ಚಾಸಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ ನೋಡಲೇಬೇಕು. ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ಬೋಲ್ಟಿನ ಸುತ್ತ ತಗಡು ಪದರು ಪದರಾಗಿ ಎದ್ದಿರುತ್ತದೆ, ಕೂದಲೆಳೆಯಂಥ ಬಿರುಕು ಬಣ್ಣದಡಿ ಅಡಗಿರುತ್ತದೆ. ದೊಡ್ಡ ಟೈರ್ ಬಂದ ಮೇಲೆ ಆ ಬಿರುಕು ಬೆಳೆಯುತ್ತದೆ. ಒಳಬದಿಗೆ 5 ಮಿ.ಮೀ. ಪ್ಲೇಟ್ ಕೊಟ್ಟು, ಪೆಟ್ಟಿಗೆಯಾಕಾರದ ಚಾಸಿಯಾದರೆ ಬೋಲ್ಟ್ ಹಾಯುವಲ್ಲಿ ಪೈಪಿನ ಸ್ಲೀವ್ ಕೂರಿಸಿ ಬಿಗಿಯಬೇಕು. ಸ್ಲೀವ್ ಇಲ್ಲದಿದ್ದರೆ ಬೋಲ್ಟ್ ಬಿಗಿದಷ್ಟೂ ಚಾಸಿ ಚಪ್ಪಟೆಯಾಗುತ್ತದೆ, ಬಿಗಿ ನಿಲ್ಲುವುದಿಲ್ಲ.

ಎಷ್ಟು ಎತ್ತರಕ್ಕೆ ಏನು ಮಾಡಬೇಕು

30-40 ಮಿ.ಮೀ. ಒಳಗಿನ ಎತ್ತರಕ್ಕೆ ಹೊಸ ಭಾಗ ಬೇಡ. ಲಿಂಕ್ ಓರೆಯಾದಾಗ ಅಡ್ಡ ಅಳತೆ ಕಡಿಮೆಯಾಗಿ ಸ್ಟೇರಿಂಗ್ ವ್ಹೀಲ್ ಸೊಟ್ಟಗೆ ನಿಂತಿರುತ್ತದೆ, ಅದನ್ನು ಸರಿಪಡಿಸಿದರೆ ಸಾಕು. ಬಹಳ ಕಡೆ ತಪ್ಪುವುದು ಇಲ್ಲೇ. ‘ವ್ಹೀಲ್ ಬಿಚ್ಚಿ ನಾಲ್ಕು ಹಲ್ಲು ತಿರುಗಿಸಿ ಕೂರಿಸಿದ್ರೆ ಆತು’ ಎನ್ನುತ್ತಾರೆ. ಆಗಲಿಲ್ಲ. ಸ್ಟೇರಿಂಗ್ ಬಾಕ್ಸಿನೊಳಗಿನ ಹಲ್ಲುಗಳು ನಟ್ಟನಡುವಿನಲ್ಲಿ ಅತಿ ಬಿಗಿಯಾಗಿ, ಬದಿಗೆ ಹೋದಂತೆ ತುಸು ಸಡಿಲವಾಗಿ ಕೂರುವಂತೆ ಮಾಡಿರುತ್ತಾರೆ. ವ್ಹೀಲನ್ನು ಮಾತ್ರ ತಿರುಗಿಸಿದರೆ ನೇರ ರಸ್ತೆಯಲ್ಲಿ ಬಾಕ್ಸ್ ಆ ಸಡಿಲ ಜಾಗದಲ್ಲೇ ಓಡುತ್ತದೆ. ಒಂದು ಕಡೆ ಪೂರ್ತಿ ಕಟ್, ಅಂದರೆ ಚಕ್ರದ ಪೂರ್ತಿ ತಿರುವು, ಸಿಗುತ್ತದೆ, ಇನ್ನೊಂದು ಕಡೆ ಸಿಗುವುದಿಲ್ಲ. ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಅದು ಗೊತ್ತಾಗುತ್ತದೆ.

ಸರಿಯಾದ ಕ್ರಮ ಹೀಗೆ. ಡ್ರ್ಯಾಗ್ ಲಿಂಕನ್ನು ಒಂದು ತುದಿಯಲ್ಲಿ ಬಿಚ್ಚಿ. ಸ್ಟೇರಿಂಗನ್ನು ಮೆಲ್ಲಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ. ಮೂರೂವರೆ ಸುತ್ತಾದರೆ ಒಂದೂಮುಕ್ಕಾಲು ಸುತ್ತು ಹಿಂದೆ ಬನ್ನಿ, ಅದೇ ಬಾಕ್ಸಿನ ನಡು. ಚಕ್ರಗಳನ್ನು ನೇರ ನಿಲ್ಲಿಸಿ. ಈಗ ಲಿಂಕಿನ ಉದ್ದವನ್ನು ಎರಡಕ್ಕೂ ಸರಿಹೊಂದುವಂತೆ ತಿರುಗಿಸಿ ಕೂರಿಸಿ. ಥ್ರೆಡ್ ಒಳಗೆ ಕೂತ ಉದ್ದ ಅದರ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗಬಾರದು. ಕಡಿಮೆಯಾಗುವುದಾದರೆ ಬೇರೆ ಉದ್ದದ ಲಿಂಕ್ ಬೇಕು. ಜಾಯಿಂಟ್ ಬಿಚ್ಚುವಾಗ ಥ್ರೆಡ್ಡಿನ ತುದಿಗೆ ಹೊಡೆಯಬೇಡಿ. ನಟ್ಟನ್ನು ತುದಿಯಲ್ಲಿ ಉಳಿಸಿಕೊಂಡು, ತೋಳಿನ ಕಣ್ಣಿನ ಎರಡು ಬದಿಗೂ ಎರಡು ಸುತ್ತಿಗೆಯಿಂದ ಏಕಕಾಲಕ್ಕೆ ಹೊಡೆದರೆ ಟೇಪರ್, ಅಂದರೆ ತುದಿಗೆ ಸಣ್ಣದಾಗುತ್ತ ಹೋಗುವ ಪಿನ್ನು, ತಾನಾಗಿ ಬಿಡುತ್ತದೆ.

50 ಮಿ.ಮೀ. ಆಸುಪಾಸಿಗೆ ಡ್ರಾಪ್ ಮಾಡಿದ, ಅಂದರೆ ತುದಿ ಕೆಳಗಿಳಿದ, ಪಿಟ್‌ಮನ್ ಆರ್ಮ್ ಹಾಕುವುದುಂಟು. ಲಿಂಕಿನ ಮೇಲಿನ ತುದಿಯನ್ನು ಅಷ್ಟೇ ಕೆಳಗಿಳಿಸುವುದು ಅದರ ಕೆಲಸ. ತೋಳಿನ ಉದ್ದ ಮೂಲದಷ್ಟೇ ಇರಬೇಕು, ಉದ್ದ ಬದಲಾದರೆ ಸ್ಟೇರಿಂಗ್ ಅನುಪಾತವೇ ಬದಲಾಗುತ್ತದೆ. ಇಳಿಕೆ ಹೆಚ್ಚಿದಷ್ಟೂ ಆರ್ಮ್ ಕೂತ ಬಾಕ್ಸಿನ ದಂಡವನ್ನು, ಅಂದರೆ ಸೆಕ್ಟರ್ ಶಾಫ್ಟನ್ನು, ಬಗ್ಗಿಸುವ ಬಲ ಹೆಚ್ಚುತ್ತದೆ, ಆಯಿಲ್ ಸೀಲ್ ಸೋರತೊಡಗುತ್ತದೆ. 50ಕ್ಕಿಂತ ಹೆಚ್ಚು ಇಳಿಕೆಯ ಆರ್ಮ್ ಹಾಕುವುದು ಒಳ್ಳೆಯದಲ್ಲ. ಹಳೇ ಆರ್ಮನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದಂತೂ ಕೂಡದು. ಅದು ಫೋರ್ಜಿಂಗ್ ಮಾಡಿ ಹದ ಕೊಟ್ಟ ಉಕ್ಕು, ಕಾಯಿಸಿದರೆ ಹದ ಹೋಗುತ್ತದೆ, ಮುರಿಯುವಾಗ ಸೂಚನೆ ಕೊಡುವುದಿಲ್ಲ.

ಇನ್ನೂ ಮೇಲೆ ಹೋದರೆ ಸ್ಪ್ರಿಂಗ್ ಓವರ್. ಆಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸುತ್ತಾರೆ. ಆಕ್ಸಲ್ ಕೊಳವೆಯ ದಪ್ಪ ಮತ್ತು ಪಟ್ಟಿಗಳ ಕಟ್ಟಿನ ದಪ್ಪ ಸೇರಿ ನಾಲ್ಕೈದು ಇಂಚು ಒಮ್ಮೆಗೇ ಏರುತ್ತದೆ. ಜಿಪ್ಸಿಯಲ್ಲಿ ಇದು ಬಹಳ ಪ್ರಚಲಿತ. ಓರೆಯ ಜೊತೆಗೆ ಇಲ್ಲಿ ಇನ್ನೊಂದು ಅಡ್ಡಿ: ಲಿಂಕ್ ಹೋಗುವ ದಾರಿಯಲ್ಲೇ ಈಗ ಸ್ಪ್ರಿಂಗ್ ಬಂದು ಕೂತಿದೆ. ಅಗ್ಗದ ಉಪಾಯವಾಗಿ ಲಿಂಕನ್ನು ಇಂಗ್ಲಿಷಿನ ಝಡ್ ಅಕ್ಷರದಂತೆ ಬಗ್ಗಿಸಿ ಸ್ಪ್ರಿಂಗ್ ತಪ್ಪಿಸುತ್ತಾರೆ. ನೇರ ಸರಳು ತಳ್ಳಿದ ಬಲವನ್ನು ಹಾಗೇ ದಾಟಿಸುತ್ತದೆ. ಬಗ್ಗಿದ ಸರಳು ಮೊದಲು ತಾನು ಸ್ಪ್ರಿಂಗಿನಂತೆ ಬಾಗಿ, ಆಮೇಲೆ ದಾಟಿಸುತ್ತದೆ. ಕಲ್ಲಿಗೆ ಚಕ್ರ ಸಿಕ್ಕಿಕೊಂಡಾಗ ಬಾಗಿದ್ದು ಹಾಗೆಯೇ ಉಳಿದುಬಿಡಬಹುದು. ಗಾಡಿ ತೋಟದಿಂದ ಹೊರಗೆ ಹೋಗುವುದಾದರೆ ಝಡ್ ಲಿಂಕ್ ಬೇಡ.

ಇಷ್ಟು ಎತ್ತರಕ್ಕೆ ಲಿಂಕಿನ ಕೆಳತುದಿಯನ್ನೇ ಮೇಲೆ ತರಬೇಕು. ನಕ್ಕಲ್‌ನ ಮೇಲ್ಭಾಗಕ್ಕೆ ಎತ್ತರದ ಸ್ಟೇರಿಂಗ್ ಆರ್ಮ್ (ಹೈ ಆರ್ಮ್) ಬಿಗಿದು, ಲಿಂಕ್ ಸ್ಪ್ರಿಂಗಿನ ಮೇಲಿಂದ ಹಾಯುವಂತೆ ಮಾಡುವುದು ಸರಿಯಾದ ದಾರಿ. ಬಿಗಿಯುವ ಬೋಲ್ಟ್ 10.9 ದರ್ಜೆಗಿಂತ ಕಡಿಮೆ ಬೇಡ. ಕೂರುವ ಮುಖದಲ್ಲಿ ಬಣ್ಣ, ಗ್ಯಾಸ್ಕೆಟ್ ಇರಬಾರದು, ಲೋಹಕ್ಕೆ ಲೋಹ ಕೂರಬೇಕು. ಲಿಂಕಿಗೆ ದಪ್ಪ ಗೋಡೆಯ ಸೀಮ್‌ಲೆಸ್ ಪೈಪ್ ತೆಗೆದುಕೊಳ್ಳಿ, ಗೇಟು ಮಾಡುವ ಪೈಪ್ ಬೇಡ.

ಟೇಪರ್ ತೂತಿನ ಕೆಲಸ ಲೇತಿನವರ ಹತ್ತಿರ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಬಾಲ್ ಜಾಯಿಂಟಿನ ಟೇಪರಿಗೂ ಆರ್ಮಿನ ತೂತಿಗೂ ಒಂದೇ ಕೋನ ಇರಬೇಕು. ನೋಡುವುದು ಸುಲಭ. ಜಾಯಿಂಟಿನ ಟೇಪರಿಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣ ತೆಳ್ಳಗೆ ಸವರಿ, ಅದು ಸಿಗದಿದ್ದರೆ ರೆಡ್ ಆಕ್ಸೈಡ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ತೂತಿಗೆ ಕೂರಿಸಿ ಒಮ್ಮೆ ತಿರುಗಿಸಿ ತೆಗೆಯಿರಿ. ಮೇಲಿಂದ ಕೆಳಗಿನವರೆಗೆ ಮುಕ್ಕಾಲು ಪಾಲಿಗಾದರೂ ಬಣ್ಣ ಹತ್ತಿರಬೇಕು. ಬಾಯಿಯಲ್ಲಿ ಮಾತ್ರ ಉಂಗುರದಂತೆ ಹತ್ತಿದ್ದರೆ ಕೋನ ತಪ್ಪಿದೆ. ಹಾಗೇ ನಟ್ ಬಿಗಿದರೆ ಪಿನ್ನು ಒಳಗೆ ಅಲುಗುತ್ತ ಒಂದು ದಿನ ಕುತ್ತಿಗೆಯಲ್ಲಿ ತುಂಡಾಗುತ್ತದೆ. ನೋಡಿದ ಮೇಲೆ ಬಣ್ಣ ಪೂರ್ತಿ ಒರೆಸಿ. ನಟ್ ಬಿಗಿದಾಗ ಸ್ಪ್ಲಿಟ್ ಪಿನ್ನಿನ ತೂತು ಸರಿಬಾರದಿದ್ದರೆ ಇನ್ನಷ್ಟು ಬಿಗಿಯಬೇಕು, ಸಡಿಲಿಸಿ ಹೊಂದಿಸಬಾರದು.

ಕ್ಯಾಸ್ಟರ್ ಕಳೆದುಕೊಂಡರೆ

ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಕ್ಯಾಸ್ಟರಿನಿಂದ, ಅಂದರೆ ಕಿಂಗ್ ಪಿನ್ನಿನ ತಲೆ ತುಸು ಹಿಂದಕ್ಕೆ ವಾಲಿರುವುದರಿಂದ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇದಕ್ಕೇ. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿರುವ ಗಾಡಿಗೆ ಉದ್ದ ಶ್ಯಾಕಲ್ ಹಾಕಿದರೆ ಸ್ಪ್ರಿಂಗಿನ ಮುಂತುದಿ ಕೆಳಗೆ ಹೋಗಿ, ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ಕಣ್ಣಿಂದ ಕಣ್ಣಿಗೆ ಒಂದು ಮೀಟರ್ ಉದ್ದದ ಸ್ಪ್ರಿಂಗಿಗೆ 50 ಮಿ.ಮೀ. ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಸಿಗುವ ಎತ್ತರ 25 ಮಿ.ಮೀ., ಕಳೆಯುವ ಕ್ಯಾಸ್ಟರ್ ಸುಮಾರು 2.9 ಡಿಗ್ರಿ. ಇದ್ದದ್ದೇ ಮೂರು ಡಿಗ್ರಿಯಾದರೆ ಉಳಿದದ್ದು ಏನೂ ಇಲ್ಲ. ಒಂದು ಇಂಚಿಗಾಗಿ ಇಷ್ಟು ತೆರುವುದು ದುಬಾರಿ. ಎತ್ತರ ಬೇಕಾದರೆ ಸ್ಪ್ರಿಂಗಿನಲ್ಲಿ ತೆಗೆದುಕೊಳ್ಳಿ, ಶ್ಯಾಕಲ್ಲಿನಲ್ಲಿ ಬೇಡ.

ಕಳೆದ ಕ್ಯಾಸ್ಟರನ್ನು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಬೆಣೆ ಹಾಕಿ ಮರಳಿ ತರಬಹುದು. ಬೆಣೆಯ ದಪ್ಪ ಬದಿ ಎಲ್ಲಿರಬೇಕು ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಸ್ಪ್ರಿಂಗ್ ಆಕ್ಸಲ್ ಕೆಳಗಿದ್ದರೆ ದಪ್ಪ ಬದಿ ಮುಂದಕ್ಕೆ, ಆಕ್ಸಲ್ ಮೇಲಿದ್ದರೆ ದಪ್ಪ ಬದಿ ಹಿಂದಕ್ಕೆ. ಉಲ್ಟಾ ಹಾಕಿದರೆ ಇದ್ದ ಕ್ಯಾಸ್ಟರೂ ಹೋಯಿತು. ಉಕ್ಕಿನ ಬೆಣೆಯೇ ಇರಲಿ, ಅಲ್ಯೂಮಿನಿಯಮ್ ಒತ್ತಡಕ್ಕೆ ಜಜ್ಜಿಹೋಗುತ್ತದೆ. ಸ್ಪ್ರಿಂಗ್ ಪಟ್ಟಿಗಳನ್ನು ಕಟ್ಟುವ ಸೆಂಟರ್ ಬೋಲ್ಟ್ ಬೆಣೆಯನ್ನು ದಾಟಿ, ಸ್ಪ್ರಿಂಗ್ ಕೂರುವ ಆಕ್ಸಲ್ ಪ್ಯಾಡಿನ ತೂತಿಗೆ ಪೂರ್ತಿ ಕೂರುವಷ್ಟು ಉದ್ದ ಇರಬೇಕು. ಕ್ಯಾಸ್ಟರ್ ಹೆಚ್ಚಿಸಿದಾಗ ಮುಂದಿನ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಬಾಗಿ, ಪ್ರೊಪೆಲರ್ ಶಾಫ್ಟಿನ ಕೋನ ಕೆಡುತ್ತದೆ. ಆದ್ದರಿಂದ ಮೂರು ನಾಲ್ಕು ಡಿಗ್ರಿ ದಾಟುವ ಬೆಣೆ ಬೇಡ. ಸ್ಪ್ರಿಂಗ್ ಓವರ್ ಮಾಡುವಾಗ ಹೊಸ ಪ್ಯಾಡುಗಳಿಗೆ ಮೊದಲು ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಕಿಂಗ್ ಪಿನ್ ಕ್ಯಾಪಿನ ಸಮತಟ್ಟು ಮುಖದ ಮೇಲೆ ಕೋನಮಾಪಕ ಇಟ್ಟು ನೋಡಿದ ನಂತರವೇ ಪೂರ್ತಿ ವೆಲ್ಡ್ ಮಾಡಿಸಿ.

ಟೋ-ಇನ್ ಕೊನೆಗೆ. ಟೈರಿನ ನಡುವಿಗೆ ಸುತ್ತ ಸೀಮೆಸುಣ್ಣ ಬಳಿದು, ಚಕ್ರ ಎತ್ತಿ ತಿರುಗಿಸುತ್ತ, ಮರದ ತುಂಡಿಗೆ ಹೊಡೆದ ಮೊಳೆಯನ್ನು ಅಲುಗದಂತೆ ತಾಗಿಸಿದರೆ ಸಣ್ಣ ಗೆರೆ ಬೀಳುತ್ತದೆ. ಗಾಡಿ ಇಳಿಸಿ ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ, ಆಕ್ಸಲ್ ಎತ್ತರದಲ್ಲಿ ಎರಡೂ ಗೆರೆಗಳ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮುಂದಿನ ಅಳತೆ 2ರಿಂದ 4 ಮಿ.ಮೀ. ಕಡಿಮೆ ಇರಲಿ. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದೇ ಸರಿ.

ರಸ್ತೆಗೆ ಇಳಿಸುವ ಮೊದಲು

ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಪೂರ್ತಿ ಜೋತುಬೀಳಲಿ. ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಯಾವ ಬಾಲ್ ಜಾಯಿಂಟೂ ತನ್ನ ಕೋನದ ಮಿತಿಗೆ ಹೋಗಿ ಕಚ್ಚಿಕೊಳ್ಳಬಾರದು, ಬ್ರೇಕ್ ಹೋಸ್ ಬಿಗಿಯಬಾರದು. ಆಮೇಲೆ ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಬಂಪ್ ಸ್ಟಾಪ್ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ತಾಗುವವರೆಗೆ ಎತ್ತಿ, ಮತ್ತೆ ಎರಡೂ ಕೊನೆಗೆ ತಿರುಗಿಸಿ. ಲಿಂಕ್ ಸ್ಪ್ರಿಂಗಿಗೆ, ಚಾಸಿಗೆ, ಆಯಿಲ್ ಸಂಪಿಗೆ ತಾಗುವುದಿದ್ದರೆ ಈಗ ಗೊತ್ತಾಗಲಿ. ಟೈರ್ ಸ್ಪ್ರಿಂಗ್ ಪಟ್ಟಿಗೆ ಉಜ್ಜಿದರೆ ನಕ್ಕಲ್‌ನ ಸ್ಟಾಪ್ ಬೋಲ್ಟನ್ನು ಹೊರಗೆ ತನ್ನಿ.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿಯ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಕೆಲಸ ಶುರು ಮಾಡುವ ಮೊದಲೇ ಅಲ್ಲಿ ವಿಚಾರಿಸಿ, ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಗ್ರೀಸ್ ಸವರಿ ಎತ್ತಿಡಿ.

ಮೊದಲ ಓಟ ಖಾಲಿ ರಸ್ತೆಯಲ್ಲಿ, 30ರ ವೇಗದಲ್ಲಿ. ಬ್ರೇಕ್ ಒತ್ತಿ ಸ್ಟೇರಿಂಗ್ ಎಷ್ಟು ಹೊರಳುತ್ತದೆ ನೋಡಿ, ಒಂದೊಂದೇ ಚಕ್ರವನ್ನು ಹೊಂಡಕ್ಕೆ ಇಳಿಸಿ ನೋಡಿ. 100 ಕಿ.ಮೀ. ಆದ ಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್‌ಗಳನ್ನು ಮರಳಿ ಬಿಗಿಯಿರಿ, ಪಟ್ಟಿಗಳು ಕೂತು ಸಡಿಲವಾಗಿರುತ್ತವೆ. ಪಿಟ್‌ಮನ್ ಆರ್ಮ್ ನಟ್ಟಿಗೂ ಹೈ ಆರ್ಮಿನ ಬೋಲ್ಟುಗಳಿಗೂ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿಡಿ, ಅರ್ಧ ಗೆರೆ ನಟ್ಟಿನ ಮೇಲೆ, ಅರ್ಧ ಆರ್ಮಿನ ಮೇಲೆ. ಆಮೇಲೆ ಘಟ್ಟ ಇಳಿಯುವ ಮೊದಲೊಮ್ಮೆ ಬಗ್ಗಿ ಟಾರ್ಚ್ ಬಿಟ್ಟರೆ ಸಾಕು, ಗೆರೆ ಕೂಡಿದೆಯೋ ಮುರಿದಿದೆಯೋ ಕಾಣುತ್ತದೆ.